ದೊಡ್ಡ ಟ್ಯಾಂಕಿನ ಗ್ರಾಫೀನ್

ಜೂನ್ 3, ಸೋಮವಾರ

ಮತ್ತೆ ಫೇಲ್. ಲ್ಯಾಬಿನ ಬೀಕರ್‌ನಲ್ಲಿ ದ್ರಾವಣ ಹಾಕಿ ಮಿಕ್ಸರ್‌ನಿಂದ ಕಲಕಿದರೆ ಗ್ರಾಫೈಟ್ ಪುಡಿ ಪದರ ಪದರವಾಗಿ ಬಿಡಿಸಿಕೊಂಡು ಗ್ರಾಫೀನ್ ಆಗುತ್ತದೆ — ಕೂದಲಿಗಿಂತ ಸಾವಿರಾರು ಪಟ್ಟು ತೆಳು. ಅದೇ ದ್ರಾವಣ ದೊಡ್ಡ ಟ್ಯಾಂಕಿಗೆ ಹಾಕಿದರೆ ದಪ್ಪ ಚೂರು, ತಳದಲ್ಲಿ ಕೆಸರು. ಬ್ಯಾಟರಿ ಕಂಪನಿಯವರಿಗೆ ಡ್ರಮ್‌ಗಟ್ಟಲೆ ಬೇಕು. ಈ ತಿಂಗಳು ಸ್ಯಾಂಪಲ್ ಪಾಸಾಗದಿದ್ದರೆ ವಸಂತನರಸಾಪುರದ ನಮ್ಮ ಯೂನಿಟ್ ಮುಚ್ಚುತ್ತಾರೆ. ನನಗೆ ಪುಣೆಗೆ ವರ್ಗ.

ಸಂಜೆ ಮೆಂಟೆನೆನ್ಸ್‌ನ ಬಸವಪ್ರಭು ಕಾಫಿ ತಂದುಕೊಟ್ಟರು. ಕುಣಿಗಲ್‌ನವರು. ಹೆಂಡತಿ ತೀರಿಕೊಂಡು ಬಹಳ ವರ್ಷ. ಲೋಟ ತಿರುಗಿಸುತ್ತಾ ಕೂತರು.

"ಅನುಪಮಾ ಅವ್ರೇ, ನಿಮಗೂ ಯಾರಿಲ್ಲ, ನನಗೂ ಯಾರಿಲ್ಲ ಅಂತ ಕೇಳ್ತಿಲ್ಲ. ನೀವಿದ್ರೆ ಕೆಲ್ಸಕ್ಕೆ ಬರೋಕೆ ಖುಷಿ ಆಗ್ತದೆ. ಮದ್ವೆ ಆಗೋಣ್ವಾ?"

ಈ ವಯಸ್ಸಿನಲ್ಲಿ ಕೆನ್ನೆ ಬಿಸಿಯಾಯಿತು. "ಬ್ಯಾಚ್ ಪಾಸಾಗ್ಲಿ, ಹೇಳ್ತೀನಿ" ಅಂದೆ. ಎಂಥ ದಡ್ಡ ಉತ್ತರ.

ಜೂನ್ 4

ಗುಬ್ಬಿಯಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ನಿನ್ ಯಜಮಾನ್ರು ಹೋಗಿ ಎಷ್ಟು ಕಾಲ ಆಯ್ತಲ್ಲೇ. ಇವ್ರು ಕೇಳಿದ್ದು ನಿನ್ನನ್ನ ಕಣೇ, ಟ್ಯಾಂಕನ್ನಲ್ಲ" ಅಂದಳು.

ಜೂನ್ 12

ಪುರುಸೊತ್ತೇ ಇಲ್ಲ. ಟ್ಯಾಂಕಿನ ಮಿಕ್ಸರ್ ಬ್ಲೇಡಿನ ವೇಗ ಹೆಚ್ಚಿಸಿದೆವು — ಬರೀ ನೊರೆ. ದೊಡ್ಡ ಬ್ಲೇಡ್ ಹಾಕಿದೆವು — ಮೋಟರ್ ಸುಟ್ಟಿತು. ಬಸವಪ್ರಭು ಮದುವೆ ಮಾತು ಮತ್ತೆ ಎತ್ತಲಿಲ್ಲ. ಮಧ್ಯಾಹ್ನ ಮಾತ್ರ ಡಬ್ಬಿ ತೆರೆದು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ನನ್ನ ಕಡೆ ಸರಿಸುತ್ತಾರೆ.

ಜೂನ್ 14

ಇವತ್ತು ಹೊಳೆಯಿತು. ಪದರ ಬಿಡುವುದು ಬ್ಲೇಡಿಗೂ ಅದರ ಸುತ್ತಲಿನ ಬಳೆಗೂ ನಡುವಿನ ಸಣ್ಣ ಸಂದಿಯಲ್ಲಿ ಮಾತ್ರ. ಉಳಿದ ದ್ರಾವಣ ಸುಮ್ಮನೆ ಸುತ್ತುತ್ತಿದೆ. ಹಾಗಾದರೆ ಲ್ಯಾಬಿನ ಚಿಕ್ಕ ಮಿಕ್ಸರ್ ತಲೆಯನ್ನೇ ಇಟ್ಟು, ಟ್ಯಾಂಕಿನದನ್ನೆಲ್ಲ ಪಂಪಿನಿಂದ ಅದರೊಳಗೆ ಮತ್ತೆ ಮತ್ತೆ ಹಾಯಿಸಿದರೆ?

ಬಸವಪ್ರಭು ನನ್ನ ಸ್ಕೆಚ್ ನೋಡಿ ನಕ್ಕರು. "ಮೊದ್ಲೇ ಹೇಳ್ಬಾರ್ದಾ, ಮೋಟರ್ ಉಳೀತಿತ್ತು. ಒಂದ್ ತಲೆ ಸಾಲ್ದು, ಸಾಲಾಗಿ ನಾಲ್ಕು ಕೂರಿಸ್ತೀನಿ."

ಜೂನ್ 20

ನಾಲ್ಕೂ ಓಡಿದವು. ಸ್ಯಾಂಪಲ್ ಟೆಸ್ಟಿಂಗ್‌ಗೆ ಹೋಗಿದೆ. ರಿಪೋರ್ಟ್ ನಾಳೆ.

ಸಂಜೆ ಗೇಟಿನ ಹತ್ತಿರ ಅವರು ಬೈಕ್ ಹೊರಡಿಸುತ್ತಿದ್ದರು. ಇಬ್ಬರ ಕೈಯೂ ಕಪ್ಪು. ಇವತ್ತೇ ಹೇಳಬೇಕು ಅನ್ನಿಸಿತು. ನಾಳೆ ಹೇಳಿದರೆ ಅದು ರಿಪೋರ್ಟಿನ ಉತ್ತರವಾಗುತ್ತದೆ, ನನ್ನದಲ್ಲ.

"ಆಗೋಣ" ಅಂದೆ.

"ರಿಪೋರ್ಟು?"

"ಅದು ಬಂದಾಗ ಬರ್ಲಿ."

ಹೆಲ್ಮೆಟ್ ತೆಗೆದರು. ಬೈಕ್ ಆಫ್ ಮಾಡಿದರು. ಆಮೇಲೆ, "ಪುಣೆಲೂ ಮೋಟರ್ ಕೆಡ್ತವೆ ಬುಡಿ. ನನಗೂ ಕೆಲ್ಸ ಸಿಕ್ತದೆ" ಅಂದರು.

ಮನೆಗೆ ಬಂದು ಅತ್ತುಬಿಟ್ಟೆ. ಯಾಕೋ.

ಜೂನ್ 21, ಶುಕ್ರವಾರ

ಮೇಲ್ ಬಂತು. ಬೀಕರಿನಲ್ಲಿ ಬಂದಷ್ಟೇ ತೆಳು ಪದರ. ಯೂನಿಟ್ ಉಳಿಯಿತು. ಮೊದಲು ಮ್ಯಾನೇಜರ್‌ಗೆ ಹೇಳಬೇಕಿತ್ತು, ವರ್ಕ್‌ಶಾಪಿಗೆ ಓಡಿದೆ. ಅವರು ಪಂಪಿನ ಕೆಳಗೆ ಮಲಗಿದ್ದರು. ಕಾಲು ಮಾತ್ರ ಕಾಣುತ್ತಿತ್ತು. ಖುಷಿಯಲ್ಲಿ ಬಾಯಿ ತಪ್ಪಿ "ರೀ" ಅಂದುಬಿಟ್ಟೆ. ಕೆಳಗೆ ಸ್ಪ್ಯಾನರ್ ಬಿದ್ದ ಸದ್ದು. ಮೆಲ್ಲಗೆ ಹೊರಗೆ ಸರಿದು ಬಂದರು, ಮುಖವೆಲ್ಲ ಮಸಿ, ನನ್ನನ್ನೇ ನೋಡುತ್ತಾ "ಇನ್ನೊಂದ್ ಸಲ ಕರೀರಿ" ಅಂದರು.