ಕುಡಗೋಲಿಗೆ ಆರೋಗ್ಯ ಇಲಾಖೆಯ ಒಪ್ಪಿಗೆ ಏಕೆ?

ವಿಜ್ಞಾನ ಮೇಳದ ಅನುಮತಿ ಅಧಿಕಾರಿಗಳಾದ ಮಾನ್ಯರೇ,

ಹಾವೇರಿಯ ಮೇಳದ ಪಟ್ಟಿಯಿಂದ ಬ್ಯಾಡಗಿಯ ಕಮ್ಮಾರ ಲಕ್ಷ್ಮಪ್ಪನವರ ಮಳಿಗೆಯನ್ನು ನೀವು ಹೊಡೆದುಹಾಕಿದ್ದೀರಿ. ಇದು ಅನ್ಯಾಯ. ನೀವು ಕೊಟ್ಟ ಕಾರಣ ಒಂದೇ ಸಾಲು: "ಎಕ್ಸ್-ರೇ ವಿಷಯ, ಆರೋಗ್ಯ ಇಲಾಖೆಯ ಒಪ್ಪಿಗೆ ಲಗತ್ತಿಸಿಲ್ಲ."

ಮಳಿಗೆಯಲ್ಲಿ ಇರುವುದಾದರೂ ಏನು? ಒಂದು ಕುಲುಮೆ, ಒಂದು ಬಕೆಟ್ ನೀರು, ನಾನು ಬರೆದ ಹದಿನಾರು ಪುಟದ ಕಿರುಹೊತ್ತಿಗೆ. ಕೆಂಪಗೆ ಕಾದ ಕುಡಗೋಲನ್ನು ನೀರಿಗೆ ಅದ್ದಿದಾಗ ಉಕ್ಕಿನ ಪರಮಾಣುಗಳು, ಉಕ್ಕು ಕರಗದೆ ಘನವಾಗಿರುವಾಗಲೇ, ತಮ್ಮ ಸಾಲು ಬದಲಿಸುತ್ತವೆ. ಅಲಗು ಗಟ್ಟಿಯಾಗುವುದು ಅದರಿಂದ. ಘನವಸ್ತುಗಳೊಳಗಿನ ಇಂಥ ಮಾರ್ಪಾಡು ಎಷ್ಟೋ ಸಲ ಕಣ್ಣಿಗೆ ಸಿಗದಷ್ಟು ಬೇಗ ನಡೆದುಹೋಗುತ್ತದೆ. ಅದನ್ನು ಹಿಡಿಯಲು ವಿಜ್ಞಾನಿಗಳು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತ ಚಿಕ್ಕದಾದ ಎಕ್ಸ್-ರೇ ಮಿಂಚುಗಳನ್ನು ಹಾಯಿಸುತ್ತಾರೆ. ಹೊತ್ತಿಗೆಯಲ್ಲಿರುವ ಎಕ್ಸ್-ರೇ ಮಾತು ಇಷ್ಟೇ. ಅಂಥ ಕೆಲವು ಯಂತ್ರಗಳು ಕಿಲೋಮೀಟರುಗಟ್ಟಲೆ ಉದ್ದ. ಅಂಥದೊಂದನ್ನು ನಾನು ರಾಣೆಬೆನ್ನೂರಿನ ಬಸ್ಸಿನಲ್ಲಿ ಹೇರಿಕೊಂಡು ಬರುತ್ತೇನೆಂದು ನಿಮ್ಮ ಕಚೇರಿ ಹೆದರಿತೇ? ಹೋದ ವರ್ಷದ ಥರ್ಮೋಕೋಲ್ ರಾಕೆಟ್ಟಿಗೆ ಬಾಹ್ಯಾಕಾಶ ಇಲಾಖೆಯ ಒಪ್ಪಿಗೆ ಕೇಳಿದ್ದಿರಾ?

ನಿಮ್ಮ ಗುಮಾಸ್ತರಿಗೆ ಹೇಳಿದೆ: "ಮಷಿನ್ ತರಂಗಿಲ್ರೀ ಸರ, ಪುಸ್ತಕ ಅಷ್ಟ." ಅವರು ಕನ್ನಡಕ ಏರಿಸಿ, "ಮಷಿನ್ ಇಲ್ದ ಎಕ್ಸ್-ರೇ ಹೆಂಗ ತೋರಸ್ತೀರಿ? ಅದೂ ತಪ್ಪ ಆತಲ್ಲವಾ!" ಎಂದರು. ಯಂತ್ರವಿದ್ದರೆ ಅಪಾಯ, ಇಲ್ಲದಿದ್ದರೆ ಮೋಸ.

ಲಕ್ಷ್ಮಪ್ಪನವರು ಹದ ನೋಡುವ ಮುನ್ನ ಕುಲುಮೆಯ ಕಿಟಕಿಗೆ ಗೋಣಿಚೀಲ ಇಳಿಬಿಡುತ್ತಾರೆ. ಬಿಸಿಲಿನಲ್ಲಿ ಕಾದ ಉಕ್ಕಿನ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಈಗ ಕತ್ತಲೆಯಲ್ಲೂ ಒಮ್ಮೊಮ್ಮೆ ತಿಳಿಯುತ್ತಿಲ್ಲ. ಕಣ್ಣಿನ ನರ ಸೋಲುತ್ತಿದೆ, ಹೋದ ದೃಷ್ಟಿ ಮರಳದು, ಉಳಿದದ್ದೂ ಮೆಲ್ಲಗೆ ಹೋಗುತ್ತದೆ ಎಂದಿದ್ದಾರೆ ವೈದ್ಯರು. ಹೋದ ತಿಂಗಳು ಮೂರು ಕುಡಗೋಲು ಹದ ತಪ್ಪಿ ಬಿರುಕು ಬಿಟ್ಟವು.

"ನಲವತ್ತು ವರ್ಷ ಬಣ್ಣ ನೋಡಿ ಅದ್ದೇನಿ ಯವ್ವಾ. ಒಳಗ ಏನ್ ನಡಿತೈತಿ ಅಂತ ಒಬ್ರೂ ಹೇಳಿರ್ಲಿಲ್ಲ, ನೀ ಹೇಳಿದಿ. ಕಣ್ಣ ಇರೂತನಾ ಆ ಬಣ್ಣ ನಾಕ್ ಮಂದಿಗೆ ತೋರಸ್ತೇನಿ," ಎಂದಿದ್ದರು. ನಿಮ್ಮ ಆದೇಶ ಓದಿ ಹೇಳಿದಾಗ ನಕ್ಕರು: "ಹಂಗಾರ ಕುಡಗೋಲು ದವಾಖಾನ್ಯಾಗ ಅಡ್ಮಿಟ್ ಮಾಡೂಣೇನ್?" ನನಗೆ ನಗು ಬರಲಿಲ್ಲ. ಮುಂದಿನ ಮೇಳದ ಹೊತ್ತಿಗೆ ಅವರಿಗೆ ಆ ಕೆಂಪು ಕಾಣುತ್ತದೆಂದು ಬರೆದುಕೊಡುತ್ತೀರಾ?

ಮೇಳ ಶನಿವಾರ. ಮಳಿಗೆಯನ್ನು ಮರಳಿ ಕೊಡಿ. ಕೊಡಲಾಗದಿದ್ದರೆ ಕಾರಣವನ್ನು ಅವರ ಮುಖ ನೋಡಿ ಹೇಳಿ. ಬುಧವಾರ ಬೆಳಗ್ಗೆ ಹತ್ತೂವರೆಗೆ ಅವರ ಕೈ ಹಿಡಿದುಕೊಂಡು ನಿಮ್ಮ ಕಚೇರಿಯ ಮೆಟ್ಟಿಲು ಹತ್ತುತ್ತೇನೆ. ದಯವಿಟ್ಟು ಕುರ್ಚಿಯಲ್ಲಿರಿ.

ಇಂತಿ,
ಅರ್ಜಿ ಬರೆದರೆ ಕೆಲಸವಾಗುತ್ತದೆಂದು ಇನ್ನೂ ನಂಬಿ ಗೆಳತಿಯರ ನಗೆಗೆ ಈಡಾಗುತ್ತಿರುವ
ಭುವನಾ
ಬೀಜದಂಗಡಿಯ ಕೆಲಸದವಳು, ರಾಣೆಬೆನ್ನೂರು