ಎಮ್ ಫಾರ್ ಮಗಳು

ಅಪ್ಪಾ,

ದಿನವಿಡೀ ಫೋನಿನಲ್ಲಿ ಮಾತಾಡಿ ಗಂಟಲು ಕಟ್ಟಿದೆ. ವಿಮಾನದಲ್ಲಿ ಪೆಟ್ಟಿಗೆ ಕಳೆದುಕೊಂಡವರ ಫೋನ್ ಎತ್ತುವ ಕೆಲಸ ನನ್ನದು, ನೀವು ಹೋದಮೇಲೆ ಸಿಕ್ಕಿದ್ದು. ದೇಶಕ್ಕೊಂದು ಇಂಗ್ಲಿಷು. ಒಬ್ಬರು ಅರ್ಧ ಮಾತು ನುಂಗುತ್ತಾರೆ, ಇನ್ನೊಬ್ಬರು ಮೂಗಿನಲ್ಲೇ ಮುಗಿಸುತ್ತಾರೆ. ಸಂಜೆಯ ಹೊತ್ತಿಗೆ ಕಿವಿಯೂ ಸೋತುಹೋಗಿರುತ್ತದೆ.

ಇವತ್ತು ಕೊನೆಗೆ ಒಬ್ಬ ಮುದುಕಿ ಸಿಕ್ಕಳು, ಯಾವ ದೇಶದವಳೋ. ಅವಳ ಪೆಟ್ಟಿಗೆಯ ಚೀಟಿಯಲ್ಲಿದ್ದ ಅಕ್ಷರ ಎಮ್ಮೋ ಎನ್ನೋ ನನಗೆ ತಿಳಿಯಲಿಲ್ಲ. ನಾನು ಕೇಳಿದ್ದು ಅವಳಿಗೆ ತಿಳಿಯಲಿಲ್ಲ. "ಎಮ್ ಫಾರ್ ಮದರ್?" ಎಂದೆ. "ಸಾರಿ?" ಎಂದಳು. ಇನ್ನೊಮ್ಮೆ ಹೇಳಿದೆ. ಮತ್ತೆ "ಸಾರಿ?"

ನೀವು ಮನೆಯ ಫೋನಿನಲ್ಲಿ ಲಾರಿ ಬುಕಿಂಗ್ ಮಾಡುವಾಗ ನಂಬರಿನ ಅಕ್ಷರಗಳನ್ನು ಊರಿಗೆ ಕೇಳುವಂತೆ ಕೂಗುತ್ತಿದ್ದಿರಿ: "ಎ ಫಾರ್ ಅತ್ತೆ, ಬಿ ಫಾರ್ ಭಾವ, ಎಮ್ ಫಾರ್ ಮಗಳು!" ನಮ್ಮ ನೆಂಟರನ್ನೆಲ್ಲ ಲಾರಿಗೆ ತುಂಬಿ ಕಳಿಸುತ್ತಿದ್ದೀರೇನೋ ಅನ್ನಿಸುತ್ತಿತ್ತು.

"ಮದರ್ ಅನ್ನಿ ಅಪ್ಪಾ, ಮಾನ ಹೋಗುತ್ತೆ," ಎಂದು ನಾನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮಗಳು ಓದಲು ಕೂತಳೆಂದು ನೀವು ದನಿ ತಗ್ಗಿಸುತ್ತಿದ್ದಿರಿ.

ಸುಸ್ತಾಗಿತ್ತು. ಬಾಯಿಗೆ ಅದೇ ಬಂದುಬಿಟ್ಟಿತು: "ಎಮ್ ಫಾರ್ ಮಗಳು."

ಪಕ್ಕದ ಸೀಟಿನವಳು ತಿರುಗಿ ನೋಡಿದಳು. ಆಮೇಲೆ ಮುದುಕಿ, ತುಟಿಗೆ ತುಟಿ ಒತ್ತಿದ್ದು ಫೋನಿನಲ್ಲೂ ಕೇಳುವ ಹಾಗೆ, ಮಗುವಿಗೆ ಹೇಳಿಕೊಡುವಷ್ಟು ನಿಧಾನವಾಗಿ ಹೇಳಿದಳು:

"ಯೆಸ್, ಯೆಸ್. ಎಮ್ ಫಾರ್ ಮಗಲು."

ನಾನು ತಿದ್ದಲಿಲ್ಲ, ಅಪ್ಪಾ.