ಮೂರನೆಯ ಕೊಳವೆ

ಬುಧವಾರ, ಮಧ್ಯಾಹ್ನದ ಊಟದ ಬಿಡುವು
ಪ್ರೆಸ್ಸಿನ ಕರಡು ಕೋಣೆಯಿಂದ

ನನ್ನ ಗುಬ್ಬೀ,

ವಿಷಯ ಬದಲಾವಣೆಯ ಫಾರಂ ತಲುಪಿತು. ಸೋಮವಾರವೇ ಕೊನೆಯ ದಿನ, ಸುಮ್ಮನೆ ಸಹಿ ಹಾಕಿ ಕಳಿಸು, ಏನೂ ಕೇಳಬೇಡ ಎಂದು ಬರೆದಿದ್ದೀಯ. ಕೇಳುವುದಿಲ್ಲ. ಹೇಳುವುದಿದೆ.

ಈ ಜೀವರಸಾಯನಶಾಸ್ತ್ರ ನನ್ನ ಕೈಗೆ ಹತ್ತಲ್ಲ ಕಣೇ ಅಮ್ಮಾ, ಲ್ಯಾಬಿಗೆ ಹೋದ್ರೆ ಬೋನಿಗೆ ಹೋದ ಹಾಗಾಗುತ್ತೆ, ಒಂದೇ ಕೊಳವೆ ನಾಲ್ಕು ಸಲ ತೊಳೀತೀನಿ ಅಂತ ನೀನು ಫೋನಿನಲ್ಲಿ ಅತ್ತಾಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕಿಟಕಿಯಿಲ್ಲದ ಈ ಕೋಣೆಯಲ್ಲಿ ದಿನವಿಡೀ ಕೂತು ಊರವರ ತಪ್ಪಿಗೆಲ್ಲ ಕೆಂಪು ಶಾಯಿ ಬಳಿಯುವವಳು ನಾನು. ನನ್ನ ತಪ್ಪು ಮಾತ್ರ ಮೂರು ಕರಡು ದಾಟಿ ಅಚ್ಚಾಗಿಹೋಗಿದೆ.

ರಜೆಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ಅಭ್ಯಾಸಕ್ಕೆಂದು ನೀನು ಲ್ಯಾಬಿನ ಅಟೆಂಡರನ್ನು ಕಾಡಿ ಬೇಡಿ ಆ ನೀಲಿ ದ್ರಾವಣ ತಂದಿದ್ದೆ. ಮೂತ್ರದ ಕೆಲವು ಹನಿ ಬಿಟ್ಟು ಕುದಿಯುವ ನೀರಿನಲ್ಲಿಟ್ಟರೆ ಸಕ್ಕರೆ ಇದೆಯೋ ಇಲ್ಲವೋ ಬಣ್ಣವೇ ಹೇಳುತ್ತದೆ ಎಂದು ವಿವರಿಸಿದ್ದೆ. ನಾನು ನಿನ್ನ ಪಾಠಕ್ಕೆ ಪ್ರಾಸ ಕಟ್ಟಿಕೊಟ್ಟೆ: ನೀಲಿಯಾದರೆ ಡಬ್ಬಿ ಖಾಲಿ, ಹಸಿರಾದರೆ ಕಟ್ಟು ಬೇಲಿ, ಕೆಂಪಾದರೆ ಬಾಯಿಗೇ ಕೀಲಿ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ಕೀಲಿ ಬಿದ್ದದ್ದು ನನ್ನ ಬಾಯಿಗೆ.

ನಿನ್ನದು ನೀಲಿ ಬಂತು. ಇನ್ನೊಂದು ನಾರ್ಮಲ್ ಇರಲಿ ಎಂದು ನನ್ನದನ್ನು ಕೇಳಿದೆ. ಇಟ್ಟಿಗೆ ಕೆಂಪಾಯಿತು. ಏನೇ ಇದು ಅಂತ ನೀನು ನನ್ನ ಮುಖ ನೋಡಿದೆ. ಹೋಲಿಸೋಕೆ ಗ್ಲೂಕೋಸ್ ಕಲಸಿದ ಚಮಚಾನೇ ಇದಕ್ಕೂ ಅದ್ದಿರ್ತೀಯ, ನಿನ್ನ ಕೈಯೇ ಹಾಗೆ ಎಂದುಬಿಟ್ಟೆ ನಾನು. ನೀನು ಎಲ್ಲವನ್ನೂ ತೊಳೆದು ಮತ್ತೆ ಮಾಡಿದೆ. ಮತ್ತೆ ಕೆಂಪು. ನನ್ನ ಪಾಲಿನ ಮೂರನೆಯ ಕೊಳವೆಗೆಂದು ನಾನು ಬಚ್ಚಲಿನಿಂದ ಲೋಟದಲ್ಲಿ ತಂದುಕೊಟ್ಟದ್ದು ನಲ್ಲಿ ನೀರು, ಬಣ್ಣಕ್ಕೆ ಎರಡು ಹನಿ ಟೀ ಡಿಕಾಕ್ಷನ್. ನೀಲಿಯೇ ಉಳಿಯಿತು. ನೋಡಿದ್ಯಾ ಎಂದು ಗೆದ್ದವಳ ಹಾಗೆ ನಕ್ಕೆ.

ನಿನ್ನ ಮೂರು ಪ್ರಯೋಗಗಳೂ ಸರಿಯಾಗಿದ್ದವು ಮಗಳೇ. ತಪ್ಪಿದ್ದದ್ದು ಲೋಟದಲ್ಲಿ.

ಪರೀಕ್ಷೆಯಲ್ಲಿ ಕೊಟ್ಟ ಸ್ಯಾಂಪಲ್ಲೂ ಕೆಂಪಾಯಿತು. ನನ್ನ ಕೈಯೇ ಹಾಗೆ ಎಂದುಕೊಂಡು ನೀನು ಸಕ್ಕರೆ ಇಲ್ಲ ಎಂದು ಬರೆದುಬಂದೆ. ಫೇಲಾದವಳು ನೀನು, ಮಾಡಿಸಿದವಳು ನಾನು.

ವರ್ಷದಿಂದ ನನಗೆ ಸಕ್ಕರೆ ಕಾಯಿಲೆ ಇದೆ. ತಪಾಸಣೆಯಲ್ಲಿ ಎಲ್ಲ ಸರಿಯಿದೆ ಎಂದಿದ್ದೆನಲ್ಲ, ಅದೂ ಸುಳ್ಳೇ. ಅಜ್ಜಿಗೆ ಇದೇ ಬಂದಾಗ ನನಗೆ ಕೆಲಸ ಬಿಡಲಾಗಲಿಲ್ಲ; ನೀನು ಒಂದು ವರ್ಷ ಓದು ಬಿಟ್ಟು ಅವಳ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿದೆ. ನನ್ನದೂ ಗೊತ್ತಾದರೆ ಗಂಟುಮೂಟೆ ಸಮೇತ ಬಂದುಬಿಡುತ್ತೀಯ. ಹೇಳಿದರೆ ಮನೆಯಲ್ಲಿ ಸಿಕ್ಕಿಬೀಳುತ್ತೀಯ, ಹೇಳದಿದ್ದರೆ ನಿನ್ನ ಕೈಯ ಮೇಲಿನ ಅನುಮಾನದಲ್ಲಿ. ಅತ್ತ ದರಿ, ಇತ್ತ ಪುಲಿ, ನಡುವೆ ನಿನ್ನಮ್ಮ ಎಂಬ ಇಲಿ.

ಬರಬೇಡ. ಚೆನ್ನಾಗಿದ್ದೇನೆ. ಡಾಕ್ಟರು ಬರೆದ ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ. ಬಾಯಿಗೆ ಕಹಿ, ಫಾರಂಗೆ ಸಹಿ, ಎರಡೂ ಆಗಿದೆ. ಫಾರಂ ಕೊಡುವುದೋ ಹರಿಯುವುದೋ ನಿನಗೆ ಬಿಟ್ಟದ್ದು. ವಿಷಯವೇ ಬೇಡವೆಂದರೆ ಬಿಡು, ಕೈ ಸರಿಯಿಲ್ಲವೆಂದು ಬಿಡಬೇಡ.

ಊರವರದನ್ನೆಲ್ಲ ತಿದ್ದಿ, ತನ್ನದಕ್ಕೆ ತಡಮಾಡಿದ
ನಿನ್ನ ಅಮ್ಮ

ತಾ.ಕ.: ಮಾತ್ರೆಯ ಮಾತು ಸುಳ್ಳು. ಡಾಕ್ಟರ ಚೀಟಿ ವರ್ಷದಿಂದ ನನ್ನ ನಿಘಂಟಿನೊಳಗೇ ಇತ್ತು. ಕೊಳವೆಗೆ ನೀರು ಹಾಕಿದವಳು ಪತ್ರಕ್ಕೂ ಹಾಕಿದೆನಲ್ಲ ಎನಿಸಿ, ಈಗ ಎದ್ದುಹೋಗಿ ಆ ಡಾಕ್ಟರನ್ನೇ ಕಂಡು, ಬೈಸಿಕೊಂಡು, ಹೊಸ ಚೀಟಿ ಬರೆಸಿ, ಮಾತ್ರೆ ತಂದು, ಒಂದು ಲೋಟ ನೀರಿನೊಂದಿಗೆ ಮೊದಲನೆಯದನ್ನು ನುಂಗಿದೆ. ಕಾಗದದ ಮೂಲೆಯಲ್ಲಿರುವ ದುಂಡನೆಯ ಒದ್ದೆ ಗುರುತು ಆ ಲೋಟದ್ದು. ನಿನ್ನ ನೀಲಿ ದ್ರಾವಣ ಇನ್ನೂ ಅರ್ಧ ಬಾಟಲಿ ಕಪಾಟಿನಲ್ಲಿದೆ. ಮುಂದಿನ ರಜೆಗೆ ಬಂದಾಗ ನಾಲ್ಕನೆಯ ಕೊಳವೆ ಇಡು. ಈ ಸಲ ಬಚ್ಚಲಿನ ಬಾಗಿಲಲ್ಲಿ ನೀನೇ ಕಾವಲು ನಿಲ್ಲು.